ಸೋದರತ್ತೆಯ ಕಲೆಕ್ಟರಮ್ಮ

ಬಡ್ತಿಯ ಜೊತೆಗೆ ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ನನಗೆ ತೆಲುಗಿನ ಗಂಧವೂ ಇರಲಿಲ್ಲ. ಅಲ್ಲಿನ ಗಾಜುವಾಕ ಬಡಾವಣೆಯಲ್ಲಿ ಸೋದರತ್ತೆಯ ಮನೆಯಿತ್ತು, ಅಲ್ಲೇ ಇಳಿದುಕೊಂಡೆ. ಮಾಮ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಕಾರ್ಖಾನೆಯ ಗದ್ದಲದಲ್ಲಿ ಕೂಗಿ ಕೂಗಿ ದಣಿದಿದ್ದರೋ ಏನೋ, ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಿದ್ದಳು.

ರಾತ್ರಿ ಊಟದ ಹೊತ್ತಿಗೆ ಆ ಮನೆಯಲ್ಲಿ ಒಂದು ತೆಲುಗು ಸೀರಿಯಲ್ ತಪ್ಪುತ್ತಿರಲಿಲ್ಲ. ನಾಯಕಿ ಜಿಲ್ಲಾ ಕಲೆಕ್ಟರ್. ಆಕೆ ಜೀಪಿನಿಂದ ಇಳಿದರೆ ಸಾಕು, ಎಲ್ಲಿಂದಲೋ ಗಾಳಿ ಬೀಸುತ್ತಿತ್ತು, ಕಳ್ಳ ಮರಳಿನ ಲಾರಿಯವರು ದಿಕ್ಕಾಪಾಲಾಗುತ್ತಿದ್ದರು. ನನಗೆ ಆಕೆ ಬಹಳ ಹಿಡಿಸಿದಳು. ಮಾತು ತಿಳಿಯದ ಕಡೆ ಅತ್ತೆ ರೊಟ್ಟಿ ಬಡಿಸುತ್ತಲೇ ಕನ್ನಡದಲ್ಲಿ ಹೇಳುತ್ತಿದ್ದಳು.

ಮುಂದೆ ಕಲೆಕ್ಟರಮ್ಮನಿಗೆ ಅದೇ ಕಚೇರಿಯ ಗುಮಾಸ್ತನೊಡನೆ ಮದುವೆಯಾಯಿತು. ಜೀಪು ಕಡಿಮೆಯಾಗಿ ಅಡುಗೆಮನೆ ಹೆಚ್ಚಾಯಿತು.

“ಅತ್ಯಾ, ಆಕಿ ಯಾಕ ಅಳಾಕತ್ತಾಳ?”

“ಸಿಟ್ಟು ಬಂದೈತಿ. ದೊಡ್ಡ ಆಫೀಸರ್ ಮಂದಿಗೆ ಸಿಟ್ಟು ಕಣ್ಣಾಗ ಬರತೈತಿ, ಅಲ್ಲೇನ.”

“ಅಯ್ಯ, ಅತ್ತಿ ಕಾಲಿಗೆ ಬಿದ್ಲಲ್ಲ!”

“ಕಾಲಿಗೆಲ್ಲಿ ಬಿದ್ಲು? ಜುಮಕಿ ಬಿದ್ದೈತಿ, ಹುಡಕಾಕತ್ತಾಳ.”

“‘ಕ್ಷಮಿಂಚಂಡಿ’ ಅಂದ್ಲು. ಕ್ಷಮಾ ಅಂದಂಗ ಕೇಳಿಸ್ತು?”

“ತೆಲುಗಿನ್ಯಾಗ ಅದಕ್ಕ ‘ಬಾಜೂ ಸರೀರಿ’ ಅಂತ ಅರ್ಥ.”

ಮಾಮನ ಕೈಯಲ್ಲಿದ್ದ ಪೇಪರು ಅಲುಗಿತು. ಫ್ಯಾನಿನ ಗಾಳಿ ಎಂದುಕೊಂಡೆ.

ಒಂದು ದಿನ ನನ್ನ ಕ್ಯಾಬಿನ್ನಿಗೆ ಬಂದ ಗುತ್ತಿಗೆದಾರನೊಬ್ಬ ನನ್ನ ಹಿಂದಿನ ಗೋಡೆಯನ್ನು ನೋಡುತ್ತ “ಸಾರ್ ಲೇರಾ?” ಎಂದ. ಸಾಹೇಬರಿಲ್ಲವೇ ಎಂದು. ಎದುರಿಗೆ ಕೂತ ಹೆಂಗಸೇ ಸಾಹೇಬರೆಂದು ಅವನಿಗೆ ಹೊಳೆದಿರಲಿಲ್ಲ. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ “ನೇನೇ ಸಾರ್” ಎಂದೆ. ಆತ ಕುಳಿತವನು ಎದ್ದು ಮತ್ತೆ ಕುಳಿತ. ಅಂದು ಮನೆಗೆ ಬಂದು ಅತ್ತೆಗೆ ಹೇಳಿದೆ. ಮರುದಿನ ನೋಡಿದರೆ ಸೀರಿಯಲ್ಲಿನಲ್ಲಿ ಕಲೆಕ್ಟರಮ್ಮನೂ ಯಾವನಿಗೋ ಅದೇ ಅರ್ಥದ ಮಾತು ಹೇಳಿದಳಂತೆ! “ನೋಡ, ನಿನ್ನಂಗ ಆಕಿ” ಎಂದಳು ಅತ್ತೆ. ಎಂಥ ಕಾಕತಾಳೀಯ ಎಂದು ನನಗೆ ರೋಮಾಂಚನವಾಯಿತು. ಆ ವಾರವೆಲ್ಲ ಶಾಖೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಿದೆ.

ಕಥೆ ಏರುತ್ತಲೇ ಹೋಯಿತು. ಕಲೆಕ್ಟರಮ್ಮ ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತಳು. ಅದು ಗಂಡನದಂತೆ, ಹೊರಗಿಡುತ್ತಿದ್ದಾಳಂತೆ. ಲಂಚ ತಿಂದ ಗಂಡನನ್ನು ಸಸ್ಪೆಂಡ್ ಮಾಡಿ, ಆಮೇಲೆ ಕನಿಕರದಿಂದ ಶ್ರೀಕಾಕುಳಕ್ಕೆ ವರ್ಗ ಮಾಡಿದಳಂತೆ.

ಅಷ್ಟರಲ್ಲಿ ನನಗೇ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ ಅಡ್ಡ ನಿಂತರೆ ನಾನು ಗತ್ತಿನಿಂದ “ಕ್ಷಮಿಂಚಂಡಿ” ಎನ್ನುತ್ತಿದ್ದೆ. ಹಿರಿಯರು “ಪರವಾಲೇದಮ್ಮಾ” ಎಂದು ದಾರಿ ಬಿಡುತ್ತಿದ್ದರು. ಎಷ್ಟು ವಿನಯದ ಹುಡುಗಿ ಎಂದು ಮಾತಾಡಿಕೊಂಡರೆಂದು ಆಮೇಲೆ ತಿಳಿಯಿತು.

ಹೊಸ ಶಾಖೆಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ಹೆಂಗಸರೆಲ್ಲ ಒಟ್ಟಿಗೆ ಕೂಡುತ್ತಿದ್ದೆವು. ಕ್ಯಾಶಿಯರ್ ಒಮ್ಮೆ ಆ ಸೀರಿಯಲ್ಲಿನ ಮಾತೆತ್ತಿ, ಪಾಪ ಕಲೆಕ್ಟರಮ್ಮ ಎಂದು ನಿಟ್ಟುಸಿರು ಬಿಟ್ಟಳು. ನಾನು ನಕ್ಕು, ಅಷ್ಟರಲ್ಲಿ ಕಲಿತಿದ್ದ ಅರೆಬರೆ ತೆಲುಗಿನಲ್ಲಿ, ಪಾಪ ಯಾಕೆ, ಗಂಡನನ್ನು ಶ್ರೀಕಾಕುಳಕ್ಕೆ ಅಟ್ಟಿದಳಲ್ಲ ಎಂದೆ.

ಎಲ್ಲರ ಕೈಯ ತುತ್ತು ಅಲ್ಲೇ ನಿಂತಿತು. “ಮೇಡಂ, ನೀವು ನೋಡೋದು ಯಾವ ಚಾನೆಲ್?” ಎಂದು ಕ್ಯಾಶಿಯರ್ ತೆಲುಗಿನಲ್ಲಿ ಕೇಳಿದಳು.

ಆಮೇಲೆ ನಿಜವಾದ ಕಥೆ ಹೊರಬಿತ್ತು. ಅಧಿಕಾರದ ಸೊಕ್ಕಿನಿಂದ ಮನೆ ಒಡೆಯಿತೆಂದು ಕಲೆಕ್ಟರಮ್ಮ ರಾಜೀನಾಮೆ ಕೊಟ್ಟಿದ್ದಳು. ಗಂಡನ ತಾಯಿಯ ಕಾಲು ಹಿಡಿದಿದ್ದಳು. ಗಂಡನಿಗಾಗಿ ಉಪವಾಸ ಹಿಡಿದಿದ್ದಳು. ಕ್ಷಮಿಂಚಂಡಿ ಎಂದರೆ ಕ್ಷಮಿಸಿ ಎಂದೇ.

ಸಂಜೆ ಫೋನ್ ಮಾಡಿ, ಶಾಖೆಯ ಹೆಂಗಸರು ಹೇಳಿದ್ದನ್ನೆಲ್ಲ ಒಪ್ಪಿಸಿ ಅತ್ತೆಯನ್ನು ಹಿಡಿದುಕೊಂಡೆ.

“ಅವರಿಗೆ ತೆಲುಗು ಬರೂದಿಲ್ಲ ಬಿಡ,” ಎಂದಳು.

“ಅತ್ಯಾ, ಅವರು ಇಲ್ಲೇ ಹುಟ್ಟಿದವರು!”

“ಹಂಗಾರ ಸರಿಯಾಗಿ ನೋಡಿಲ್ಲ.” ಮತ್ತೆ ತಾನೇ ಮುಂದುವರಿಸಿದಳು: “ಪಿಕ್ಚರ್‌ನ್ಯಾಗ ಹೀರೋ ಒಬ್ಬನ ಇಪ್ಪತ್ತು ಮಂದಿನ ಹೊಡದು ಅಂಗಿ ಇಸ್ತ್ರಿ ಸೈತ ಕೆಡದಂಗ ಬರತಾನ. ಅದನ್ನ ನಂಬತೀರಿ. ನನ್ನ ಕಲೆಕ್ಟರ್ ನೌಕರಿ ಬಿಡಲಿಲ್ಲ ಅಂದ್ರ ಸುಳ್ಳಾತು? ಮೊದಲ್ನೇ ವಾರ ಲಾರಿ ಹಿಡದಾಕಿ ಆಕಿ. ಅಂಥಾಕಿನ್ನ ಅಳಸಾಕ ನನಗ ಮನಸ ಬರಲಿಲ್ಲವಾ. ನೀ ಬ್ಯಾರೆ ಆ ಗುತ್ತಿಗೆದಾರ ಬಂದ ದಿನ ಬ್ಯಾಂಕಿನಿಂದ ಸಪ್ಪಗ ಬಂದಿದ್ದಿ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮರುದಿನ ಅತ್ತೆಯ ಕಥೆಯನ್ನು ಶಾಖೆಯಲ್ಲಿ ಮೊದಲಿನಿಂದ ಹೇಳಿದೆ. ಕ್ಯಾಶಿಯರ್ ಉಪ್ಪಿನಕಾಯಿಯನ್ನು ನನ್ನ ಕಡೆ ಸರಿಸಿ “ತರ್ವಾತ?” ಎಂದಳು. ತರುವಾಯ ಏನೆಂದು ಕೇಳಲು ನಾನು ದಿನವೂ ಗಾಜುವಾಕಕ್ಕೆ ಫೋನ್ ಮಾಡಬೇಕಾಯಿತು. ಅತ್ತೆಗೆ ಕೆಲಸ ಹೆಚ್ಚಾಯಿತು. ಕಲೆಕ್ಟರ್ ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ಮಂತ್ರಿ ಬಂದರೆ ಎದ್ದು ನಿಲ್ಲಬೇಕೇ ಎಂದು ನನ್ನನ್ನೇ ಕೇಳತೊಡಗಿದಳು.

ಸೀರಿಯಲ್ ಮುಗಿಯುವ ದಿನ ಅತ್ತೆ ಮಾಮ ವಿಜಯವಾಡಕ್ಕೇ ಬಂದಿದ್ದರು. ಶಾಖೆಯ ಹೆಂಗಸರೂ ನನ್ನ ಮನೆಗೆ ಬಂದರು. ಕ್ಯಾಶಿಯರ್ ಬಂದವಳೇ ಟಿವಿಯ ಸೌಂಡು ಪೂರ್ತಿ ಬಂದ್ ಮಾಡಿ ಅತ್ತೆಯ ಕಡೆ ತಿರುಗಿ ಕೂತಳು. ಪರದೆಯ ಮೇಲೆ ಗಂಡ, ಮುಂದೆ ಬಗ್ಗಿದ ಹೆಂಡತಿಯ ತಲೆಯ ಮೇಲೆ ಕೈಯಿಟ್ಟ. ಆಕೆಗೆ ಜ್ವರ ಬಂದಿದೆಯೇ ಎಂದು ನೋಡುತ್ತಿದ್ದಾನೆ, ನಾಳೆ ಮುಖ್ಯಮಂತ್ರಿಗಳ ಮೀಟಿಂಗಿದೆ ಎಂದು ಅತ್ತೆ ತೆಲುಗಿನಲ್ಲಿ ವಿವರಿಸಿದಳು. ಹೆಂಗಸರು ಸೋಫಾದಿಂದ ಬೀಳುವುದೊಂದು ಬಾಕಿ.

ಆಗ ಮೂಲೆಯಲ್ಲಿದ್ದ ಮಾಮ ಬಾಯಿ ಬಿಟ್ಟರು. “ಆದ್ರ ಅವ ಶ್ರೀಕಾಕುಳದಾಗ ಇದ್ದನಲ್ಲ? ಪಾಪ, ಪೂರಾ ವಾಪಸ್ ಕರಸಬಾರದೇನು ಅವನ್ನ?”

ಅತ್ತೆ ಅದನ್ನು ತೆಲುಗಿಗೆ ತಿರುಗಿಸಿ ಹೆಂಗಸರ ಮುಂದಿಟ್ಟಳು. ಕ್ಯಾಶಿಯರ್ ಗಂಭೀರವಾಗಿ ತಲೆಯಾಡಿಸಿ ಬೇಡವೆಂದಳು.

“ಎರಡ ದಿನ ರಜಾ ಹಾಕಿ ಬಂದಾನ,” ಎಂದಳು ಅತ್ತೆ ಮಾಮನಿಗೆ. “ವರ್ಗದ ಅರ್ಜಿ ಇನ್ನೂ ವಿಚಾರಣಿಯೊಳಗೈತಿ.”

ಮಾಮ ನಕ್ಕು, ಎಲ್ಲರಿಗೂ ಚಹಾಕ್ಕಿಡಲು ಎದ್ದು ಹೋದರು. ಹಾಲು ಎಲ್ಲಿದೆ ಎಂದು ಒಳಗಿಂದ ಕೂಗಿ ಕೇಳಿದರು.