ಮಂಜಿನಲ್ಲಿ ಕಂಡ ಬೆಟ್ಟ

ಯಾರ್ಕ್‌ಷೈರಿನ ನಮ್ಮ ಭಾನುವಾರದ ನಡಿಗೆ ಸಂಘಕ್ಕೆ ಸಿರಿಲ್ ಅಕ್ರಾಯ್ಡ್ ಮುಂದಾಳು. ನಲವತ್ತು ವರ್ಷ ಮನೆಮನೆಗೆ ಅಂಚೆ ಹಂಚಿದ ಅವರ ಕಾಲುಗಳು ಎಪ್ಪತ್ತಾರರಲ್ಲೂ ನಿಲ್ಲಲೊಲ್ಲವು. ಹಿಂದಾಳು ಮಾತ್ರ ಯಾವಾಗಲೂ ಮ್ಯಾವಿಸ್. ಎದೆಯ ಆಪರೇಷನ್ ಆದ ಮೇಲೆ ಆಕೆ, "ನನಗೋಸ್ಕರ ಒಂದ್ಸಲ ನೀವು ಕಾದ್ರೂ ಸಾಕು, ಅವತ್ತೇ ಸಂಘ ಬಿಡ್ತೀನಿ" ಎಂದು ಸಾರಿದ್ದರು.

ಅಂದು ದಟ್ಟ ಮಂಜು. ಏರು ಮುಗಿದದ್ದೇ ಸಿರಿಲ್ ನಿಂತು ಕೈಚಾಚಿದರು. "ಅಗೋ, ಎಂಥಾ ಬೆಟ್ಟ ನೋಡಿ!"

ನನಗೆ ನನ್ನ ಬೂಟೇ ಕಾಣುತ್ತಿರಲಿಲ್ಲ. "ಎಲ್ಲಿದೆ ಸಿರಿಲ್?"

"ಕನ್ನಡಕ ಒರೆಸ್ಕೊಳಯ್ಯ. ಅದರ ಮೂಗು ನೋಡು, ನಮ್ಮತ್ತೇದೇ!"

ಕುತೂಹಲಕ್ಕೆ ಅವರ ಬೆರಳು ಬಿಟ್ಟು ಕಣ್ಣನ್ನು ಹಿಂಬಾಲಿಸಿದೆ. ಅದು ನೆಟ್ಟಿದ್ದದ್ದು ಹಿಂದೆ, ಮಂಜಿನೊಳಗಿಂದ ಮ್ಯಾವಿಸ್ ಅವರ ಏದುಸಿರು ಕೇಳಿಬರುತ್ತಿದ್ದ ದಾರಿಯ ಮೇಲೆ. ಆಕೆ ಬಂದು ಸೇರಿ, ಉಸಿರು ಹದಕ್ಕೆ ಬರುವವರೆಗೂ ಬೆಟ್ಟದ ವರ್ಣನೆ ಮುಗಿಯಲೇ ಇಲ್ಲ.

ಮುಂದಿನ ಏರಿನ ತುದಿಯಲ್ಲಿ ಸಿರಿಲ್ ಕಲ್ಲುಗೋಡೆ ಹಿಡಿದುಕೊಂಡರು. ಈ ಸಲ ಏದುಸಿರು ಅವರದೇ. ಉಳಿದವರು ಮುಂದೆ ಸಾಗತೊಡಗಿದರು.

ಅಷ್ಟರಲ್ಲಿ ಮೇಲೆ ಬಂದು ಮುಟ್ಟಿದ ಮ್ಯಾವಿಸ್, ಅವರ ಪಕ್ಕ ಗೋಡೆಗೆ ಒರಗಿ ಕೂಗಿದರು: "ಏನವಸರ ನಿಮಗೆಲ್ಲ? ನಿಲ್ರೋ ಸ್ವಲ್ಪ! ಸಿರಿಲ್ ತೋರಿಸಿದ ಆ ಬೆಟ್ಟಾನ ನಾನಿನ್ನೊಂದ್ಸಲ ನೋಡ್ಬೇಕು."