ಕಲ್ಲಾಗಬೇಕಾದ ಪೆಡಲ್

ಬುಳು ಬುಳು ಎಂಬ ಒಂದು ಸಣ್ಣ ಸದ್ದು. ಕುಡಿದು ಮುಗಿದ ನೀರಿನ ಬಾಟಲಿಯೊಳಗೆ ತೆಳ್ಳಗಿನ ಪ್ಲಾಸ್ಟಿಕ್ ಪೈಪಿನ ತುದಿ ಮುಳುಗಿರುತ್ತಿತ್ತು. ಅದರೊಳಗಿಂದ ಜೇನಿನ ಬಣ್ಣದ ಬ್ರೇಕ್ ಆಯಿಲ್ ಇಳಿಯುವಾಗ ಜೊತೆಗೆ ನಾಲ್ಕಾರು ಗುಳ್ಳೆಗಳು ಬಂದು ಒಡೆಯುತ್ತಿದ್ದವು. ಹಿಂದೆಯೇ ಚಕ್ರದ ಸಂದಿನಿಂದ ಒಂದು ಸ್ವರ: "ಒತ್ತಿ ಟೀಚರಮ್ಮ... ಹಿಡೀರಿ, ಹಿಡೀರಿ... ಆಯ್ತು, ಈಗ ಬಿಡಿ." ನಾನು ಬಿಡುತ್ತಿದ್ದೆ. ಪುನಃ ಒತ್ತುತ್ತಿದ್ದೆ. ನಾಲ್ಕು ಶುಕ್ರವಾರಗಳ ಮಧ್ಯಾಹ್ನ, ಊಟವಾದ ಮೇಲೆ, ಎಪ್ಪತ್ತಮೂರು ವರ್ಷದ ನಾನು ಬಾಗಿಲೇ ಇಲ್ಲದ ಒಂದು ಸ್ಪೋರ್ಟ್ಸ್ ಕಾರಿನೊಳಗೆ ಕೂತು ಇದೇ ಕೆಲಸ ಮಾಡಿದೆ.

ಊರಿನಲ್ಲಿ ಕಾನ್ವೆಂಟ್ ಶಾಲೆಯ ಟೀಚರಾಗಿದ್ದ ನಾನು, ಗಂಡ ತೀರಿಕೊಂಡ ಮೇಲೆ ಕತಾರಿಗೆ ಮಗಳ ಮನೆಗೆ ಬಂದವಳು. ಅಬು ಹಮೂರ್ ಬಡಾವಣೆಯ ಹಳೆಯ ಕಾಂಪೌಂಡು, ಒಳಗೆ ಎಂಟು ವಿಲ್ಲಾಗಳು. ಮಗಳು ಆಸ್ಪತ್ರೆಯಲ್ಲಿ ನರ್ಸ್, ಅಳಿಯನಿಗೆ ಆಫೀಸು. ಇಬ್ಬರೂ ಹೊರಟ ಮೇಲೆ ನನಗೆ ಉಳಿಯುತ್ತಿದ್ದದ್ದು ಅಡಿಗೆಮನೆಯ ಕಿಟಕಿ. ಆ ಕಿಟಕಿಯಿಂದ ಎದುರು ಮನೆಯ ಕಾರ್ ಶೆಡ್ ಕಾಣುತ್ತಿತ್ತು, ಶೆಡ್ಡಿನಲ್ಲಿ ಹಾಜಿಯವರು ಕಾಣುತ್ತಿದ್ದರು.

ಹಾಜಿಯವರು ಉಳ್ಳಾಲದ ಕಡೆಯ ಬ್ಯಾರಿ. ಗಲ್ಫಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಮೊದಲು ಬಿನ್ ಮಹಮೂದ್ ಬಡಾವಣೆಯ ಒಂದೇ ಕೋಣೆಯಲ್ಲಿ ಆರು ಜನ. ಆ ಕೋಣೆಯ ಗೋಡೆಯ ಮೇಲೆ, ಹಿಂದೆ ಇದ್ದವರು ಯಾರೋ ಬಿಟ್ಟುಹೋದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಅದರಲ್ಲಿ ತಗ್ಗಾದ, ಉದ್ದ ಮೂತಿಯ, ತಲೆ ಮೇಲೆ ಸೂರಿಲ್ಲದ ಒಂದು ಇಂಗ್ಲಿಷ್ ಕಾರು. ಉಳಿದವರು ತಮ್ಮ ಮಂಚದ ಪಕ್ಕ ಮಕ್ಕಳ ಫೋಟೋ ಅಂಟಿಸಿಕೊಂಡರೆ, ಇವರು ಮಕ್ಕಳ ಫೋಟೋವನ್ನು ಆ ಕಾರಿನ ಪಕ್ಕ ಅಂಟಿಸಿದ್ದರಂತೆ. ಮುಂದೆ ಹಮದ್ ಬಂದರಿನಲ್ಲಿ ಕ್ರೇನ್ ರಿಪೇರಿ ಕೆಲಸ ಸಿಕ್ಕಿತು, ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು, ಹೆಂಡತಿ ಇಲ್ಲಿಗೆ ಬಂದರು. ಆಗ ಹಾಜಿಯವರು ಆ ಕ್ಯಾಲೆಂಡರಿನ ಹಾಳೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿ ಕಾರು ಕಟ್ಟಲು ಶುರು ಮಾಡಿದರು.

ಮೂರು ವರ್ಷ. ಎಂಜಿನ್ನು, ಚಕ್ರ, ಸ್ಟಿಯರಿಂಗ್ ಎಲ್ಲ ಗುಜರಿಗೆ ಬಂದಿದ್ದ ಜಪಾನಿ ಕಾರೊಂದರದ್ದು. ಮೈ ಮಾತ್ರ ಅವರದೇ: ಕಬ್ಬಿಣದ ಪೈಪುಗಳನ್ನು ಬೆಸೆದು ಹಂದರ ಕಟ್ಟಿ, ಮೇಲೆ ಫೈಬರ್‌ಗ್ಲಾಸ್ ಪದರ ಹೊದಿಸಿ, ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ನಯ ಮಾಡಿದ್ದು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಎಂಬ್ರಾಯ್ಡರಿ ಕ್ಲಾಸಿನಲ್ಲಿ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಮುಂಭಾಗ ಚೆಂದ ಮಾಡಲು ಯಾರಿಗಾದರೂ ಬರುತ್ತದೆ, ಹಿಂಬದಿಯ ಗಂಟು ನೋಡಿದರೆ ಕ್ಯಾರೆಕ್ಟರ್ ಗೊತ್ತಾಗುತ್ತದೆ ಎನ್ನುವುದು ಅವರ ಮಾತು. ನಾನು ಒಂದು ದಿನ ಹಾಜಿಯವರ ಅಪ್ಪಣೆ ಕೇಳಿ ಬಗ್ಗಿ ಆ ಕಾರಿನ ಅಡಿಭಾಗ ನೋಡಿದ್ದೇನೆ. ಒಂದು ವಯರೂ ಜೋತಾಡುತ್ತಿರಲಿಲ್ಲ, ಒಂದು ಬೆಸುಗೆಯೂ ಉಬ್ಬಿರಲಿಲ್ಲ. ಸಿಸ್ಟರ್ ಇದ್ದಿದ್ದರೆ ಟೆನ್ ಔಟ್ ಆಫ್ ಟೆನ್ ಕೊಡುತ್ತಿದ್ದರು, ಅದೂ ನಗದೆ.

ಇಂಥ ಗಾಡಿ ಮೊದಲ ಸಲ ಓಡಿದ ದಿನವೇ ಎಡವಟ್ಟಾಯಿತು. ಕಾಂಪೌಂಡಿನ ಹಿಂದೆ ಒಂದು ಖಾಲಿ ಜಾಗ. ಅದರ ಆ ತುದಿಯಲ್ಲಿ ಹಾಜಿಯವರ ಹೆಂಡತಿ ಮಕ್ಕಳಿಗೆ ಕಳಿಸಲೆಂದು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ನಿಂತಿದ್ದರು. ಗಾಡಿ ಬಂತು, ಬಂತು, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಅವರು ಪಕ್ಕಕ್ಕೆ ಹಾರಿದರು, ಮೊಬೈಲು ಮರಳಿಗೆ ಹಾರಿತು. ಅವರು ನಿಂತಿದ್ದ ಜಾಗವನ್ನು ದಾಟಿ ಮೂರು ಮಾರು ಹೋಗಿ ಗಾಡಿ ನಿಂತಿತು.

"ನನ್ನನ್ನು ಕೊಲ್ಲಲಿಕ್ಕೆ ಮೂರು ವರ್ಷ ಕೂತು ಗಾಡಿ ಕಟ್ಟಿದ್ದಾ ನೀವು?" ಎಂದು ಅವರು ಕೂಗಿದ್ದು ಎಂಟೂ ವಿಲ್ಲಾಗಳಿಗೆ ಕೇಳಿತು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಟೀಚರೇ, ಬಂದರಿನಲ್ಲಿ ಇಷ್ಟು ದೊಡ್ಡ ಕಂಟೇನರನ್ನು ಆಕಾಶದಲ್ಲಿ ನಿಲ್ಲಿಸ್ತಾರಂತೆ ಇವ್ರು. ಮನೆಯಲ್ಲಿ ಒಂದು ಗಾಡಿ ನೆಲದ ಮೇಲೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ!"

ಹಾಜಿಯವರು ತಲೆ ತಗ್ಗಿಸಿ ಮೊಬೈಲಿನ ಮರಳು ಒರೆಸಿದರು. "ಹಳೆ ಗಾಡಿಯ ಬ್ರೇಕು ಈ ಓಟಕ್ಕೆ ಸಾಕಾಗುದಿಲ್ಲ. ದೊಡ್ಡದು ಹಾಕ್ತೇನೆ."

"ಹಾಕಿ. ಅದು ನಿಲ್ಲುವವರೆಗೆ ನಾನು ಹತ್ತುದಿಲ್ಲ. ಖಲಾಸ್."

ಆ ಮಾತಿನ ತೂಕ ನನಗೆ ಆಮೇಲೆ ತಿಳಿಯಿತು. ಹಾಜಿಯವರ ನೌಕರಿಯ ಅವಧಿ ಮುಗಿಯುತ್ತ ಬಂದಿತ್ತು, ಇಬ್ಬರೂ ಫೈನಲ್ ಎಕ್ಸಿಟಿನಲ್ಲಿ, ಅಂದರೆ ವೀಸಾ ಮುಗಿಸಿ ಶಾಶ್ವತವಾಗಿ, ಊರಿಗೆ ಹೋಗುವವರು. ಮನೆಯಲ್ಲಿ ಕಟ್ಟಿದ ಆ ಗಾಡಿಗೆ ರಸ್ತೆಯ ಪರ್ಮಿಷನ್ ಸಿಕ್ಕಿರಲಿಲ್ಲ, ಊರಿಗೆ ಒಯ್ಯುವುದೂ ಆಗದ ಮಾತು. ಇಲ್ಲಿನ ಕಾರು ಹುಚ್ಚಿನ ಒಬ್ಬರು ಕತಾರಿ ಯಜಮಾನರು ಅದನ್ನು ತಮ್ಮ ಗರಾಜಿಗೆ ತೆಗೆದುಕೊಳ್ಳಲು ಒಪ್ಪಿದ್ದರು. ಹೊರಡುವ ಹಿಂದಿನ ದಿನ, ಗುರುವಾರ ಸಂಜೆ, ರೇಸ್ ಟ್ರ್ಯಾಕಿನಲ್ಲಿ ಸ್ವಲ್ಪ ಹೊತ್ತು ಓಡಿಸಲು ಅವರೇ ಏರ್ಪಾಡು ಮಾಡಿದ್ದರು. ಆ ಒಂದು ಸಂಜೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್. ಹಾಜಿಯವರಿಗೆ ಬೇಕಿದ್ದದ್ದು ಅಷ್ಟೇ. ಇಬ್ಬರ ಮಂಚ ಬೇರೆ ಬೇರೆ ದೇಶದಲ್ಲಿ ಇದ್ದ ಕಾಲದಲ್ಲೇ ಅವರು ಫೋನಿನಲ್ಲಿ ಆ ಕಾರಿನ ಕಥೆ ಹೇಳಿ, "ಒಂದು ದಿನ ಕೂರಿಸ್ತೇನೆ" ಎಂದಿದ್ದರಂತೆ. ಇದನ್ನು ನನಗೆ ಹೇಳಿದವರು ಹೆಂಡತಿಯೇ, ಬೈಯುವ ಸ್ವರದಲ್ಲಿ.

ಬ್ರೇಕಿನ ಕೆಲಸ ಶುರುವಾಯಿತು. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಹಾಜಿಯವರು ದೊಡ್ಡ ಕಾರೊಂದರ ಡಿಸ್ಕುಗಳನ್ನೂ ಕ್ಯಾಲಿಪರುಗಳನ್ನೂ ತಂದರು. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ. ಕ್ಯಾಲಿಪರ್ ಎಂದರೆ ಆ ತಟ್ಟೆಯನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಕೈ. ನಾನು ಹಾಗೆ ಅರ್ಥ ಮಾಡಿಕೊಂಡೆ, ಅವರು "ಕರೆಕ್ಟ್" ಎಂದರು. ಹೊಸ ಡಿಸ್ಕಿನ ಪಕ್ಕ ಹಳೆಯದು ಚಹಾದ ಸಾಸರಿನ ಹಾಗೆ ಕಾಣುತ್ತಿತ್ತು. ಕ್ಯಾಲಿಪರುಗಳನ್ನು ಬಿಚ್ಚಿ, ತೊಳೆದು, ಒಳಗಿನ ರಬ್ಬರು ಬದಲಿಸಿ, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ ಎಂದು ಮುಂದಿನ ಚಕ್ರಗಳ ಪಕ್ಕದಲ್ಲೇ ನೆಲದ ಮೇಲೆ ಇಟ್ಟುಕೊಂಡಿದ್ದರು. ಪೇಂಟ್ ಹೊಡೆಯಲು ಧೂಳಿಲ್ಲದ ಜಾಗ ಬೇಕಿತ್ತು. ನಮ್ಮ ಗಾಜಿನ ವರಾಂಡ ಕೊಡುತ್ತೇನೆ ಎಂದೆ.

"ಬೆರೆತುಹೋದ್ರೆ ಕಷ್ಟ ಟೀಚರಮ್ಮ. ಗುರುತು ಹಾಕಿ ತಕೊಳ್ಳಿ. ನಿಮ್ಮ ಅಕ್ಷರ ಚೆಂದ ಉಂಟಲ್ಲ."

ನಾನು ರಿಬ್ಬನ್ನು, ರಟ್ಟಿನ ಚೂರು ತಂದು, ಕರ್ಸಿವ್‌ನಲ್ಲಿ 'ಲೆಫ್ಟ್', 'ರೈಟ್' ಎಂದು ಬರೆದು ಕಟ್ಟಿದೆ. ಕ್ಯಾಲಿಪರುಗಳಿಗೆ ಕೆಂಪು ಬಣ್ಣ ಬಂತು. ನಾಲ್ಕು ದಿನ ನಮ್ಮ ವರಾಂಡದಲ್ಲಿ ಅವು ಒಣಗುತ್ತಿದ್ದದ್ದನ್ನು ನೋಡಲು ಕಾಂಪೌಂಡಿನವರೆಲ್ಲ ಬಂದು ಹೋದರು. ಹಾಜಿಯವರು ಚೀಟಿ ನೋಡಿ ನೋಡಿ ಜೋಡಿಸಿದರು.

ಇನ್ನು ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಒಬ್ಬರು ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಕ್ಯಾಲಿಪರಿನ ಪುಟ್ಟ ತಿರುಪು ಬಿಚ್ಚಿ, ಗಾಳಿ ಬಿಟ್ಟು, ಮುಚ್ಚಬೇಕು. ಹೆಂಡತಿ ಗಾಡಿ ಮುಟ್ಟುವುದಿಲ್ಲ ಎಂದಾಗಿತ್ತು. "ಟೀಚರಮ್ಮ, ನಿಮ್ಮ ಕಾಲು ಗಟ್ಟಿ ಉಂಟಾ?" ಎಂದು ಹಾಜಿಯವರು ಕೇಳಿದರು. ಶಾಲೆಯ ಚಾಪೆಲಿನಲ್ಲಿ ಹದಿನೆಂಟು ವರ್ಷ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನುಡಿಸಿದವಳು ನಾನು. ಉಂಟು ಎಂದೆ.

ಇಲ್ಲಿ ರಜೆಯ ದಿನವಾದ ಶುಕ್ರವಾರವೇ ಚರ್ಚಿನಲ್ಲಿ ಮಾಸ್. ಮೊದಲ ಶುಕ್ರವಾರ ಬೆಳಿಗ್ಗೆ ಅದನ್ನು ಮುಗಿಸಿ ಬಂದು, ಮಧ್ಯಾಹ್ನ ಒತ್ತಿದೆ. "ಹೇಗುಂಟು?" ಎಂದರು. "ಬೇಯದ ಇಡ್ಲಿ ತುಳಿದ ಹಾಗೆ ಉಂಟು" ಎಂದೆ. "ಇಡ್ಲಿ ಅಲ್ಲ ಮಾರಾಯ್ರೆ, ಕಲ್ಲು ಆಗ್ಬೇಕು." ಎರಡನೆಯ ಶುಕ್ರವಾರವೂ ಇಡ್ಲಿ. ಅವರು ಮೇಲಿನ ಆಯಿಲ್ ಪಂಪನ್ನೇ ಬಿಚ್ಚಿ ಬದಲಿಸಿದರು. ಮೂರನೆಯ ಶುಕ್ರವಾರ, ಪುನಃ ಇಡ್ಲಿ. ಒಮ್ಮೆಯೂ ಅವರ ಕೈ ಗಡಿಬಿಡಿ ಮಾಡಲಿಲ್ಲ, ಒಮ್ಮೆಯೂ ಸ್ಪ್ಯಾನರ್ ನೆಲಕ್ಕೆ ಎಸೆಯಲಿಲ್ಲ. ಆಯಿಲ್ ಬಿದ್ದರೆ ಪೇಂಟ್ ತಿನ್ನುತ್ತದೆಂದು ಚಕ್ರದ ಮೇಲಿನ ಮೈಗೆ ಒದ್ದೆ ಟವೆಲು ಹೊದಿಸಿ, ಮುಗಿದ ಮೇಲೆ ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದರು. ಆದರೆ ಆ ಮೂರನೆಯ ಸಂಜೆ ಕೈ ತೊಳೆಯುತ್ತ, "ಆಗ್ಲಿಕ್ಕಿಲ್ಲವೋ ಏನೋ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಟ್ರ್ಯಾಕಿನ ಗುರುವಾರಕ್ಕೆ ಇನ್ನು ಹದಿಮೂರು ದಿನ.

ನಾಲ್ಕನೆಯ ಶುಕ್ರವಾರ ಒತ್ತಿ ಒತ್ತಿ ಕಾಲು ಸೋತಾಗ ನಾನು ಕೆಳಗಿಳಿದು ಅವರ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಅಲ್ಲಿಯವರೆಗೆ ಚಕ್ರದ ಕಡೆಯ ಕೆಲಸವನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಕ್ಯಾಲಿಪರಿನ ಬುಡದಲ್ಲಿ ಪೈಪು ಸಿಕ್ಕಿಸಿದ್ದರು. ಒಂದನೇ ಕ್ಲಾಸಿಗೆ ಪಾಠ ಮಾಡುವ ಬುದ್ಧಿ ಎಲ್ಲಿ ಹೋಗುತ್ತದೆ? ಕೇಳಿಬಿಟ್ಟೆ:

"ಹಾಜಿಯವರೇ, ಗುಳ್ಳೆ ನೀರಿನಲ್ಲಿ ಮೇಲಕ್ಕೆ ಹೋಗುದಲ್ವಾ? ಮತ್ತೆ ನೀವು ಗಾಳಿಯನ್ನು ಕೆಳಗಿನಿಂದ ಯಾಕೆ ತೆಗೆಯುದು?"

ಅವರು ಕನ್ನಡಕ ಸರಿ ಮಾಡಿಕೊಂಡು ಕ್ಯಾಲಿಪರನ್ನು ನೋಡಿದರು. ಎದ್ದು ಆ ಕಡೆಯ ಚಕ್ರದ ಹತ್ತಿರ ಹೋಗಿ ನೋಡಿದರು. ಬಂದು ನೆಲದ ಮೇಲೆ ಕೂತರು.

"ಯಾ ಅಲ್ಲಾ. ಎಡದ್ದು ಬಲಕ್ಕೆ ಉಂಟು, ಬಲದ್ದು ಎಡಕ್ಕೆ ಉಂಟು. ಅದಲುಬದಲಾದ್ರೆ ತಿರುಪು ಕೆಳಗೆ ಬರ್ತದೆ. ಗಾಳಿ ಮೇಲೆ ಹೋಗಿ ಕೂತಿದೆ, ಹೊರಗೆ ಬರುದು ಹೇಗೆ?"

ಕಳಚಿಟ್ಟ ಚೀಟಿಗಳು ಅವರ ಪೆಟ್ಟಿಗೆಯಲ್ಲೇ ಇದ್ದವು. ಅವನ್ನು ನೋಡುವ ಮೊದಲೇ ನನಗೆ ಗೊತ್ತಾಯಿತು. ನಲವತ್ತು ವರ್ಷ ನಾನು ಪುಟ್ಟ ಮಕ್ಕಳಿಗೆ ಆಕ್ಷನ್ ಸಾಂಗ್ ಕಲಿಸಿದವಳು. ಮಕ್ಕಳು ಎದುರಿಗೆ ನಿಂತಿರುತ್ತಾರೆ. 'ಎಡಗೈ ಮೇಲೆ' ಎಂದು ಹೇಳುವಾಗ ಟೀಚರ್ ತನ್ನ ಬಲಗೈ ಎತ್ತಬೇಕು, ಆಗ ಮಕ್ಕಳಿಗೆ ಸರಿಯಾಗುತ್ತದೆ. ಅದು ಮೈಗೆ ಎಷ್ಟು ಹತ್ತಿಹೋಗಿದೆ ಎಂದರೆ ಮುಂದೆ ಏನೇ ನಿಂತಿರಲಿ, ನನ್ನ ಬಲಗಡೆ ಇರುವುದು ಅದರ ಎಡ. ಗಾಡಿ ಎದುರಿಗೆ ಮುಖ ಮಾಡಿ ನಿಂತಿದ್ದರೆ ನನ್ನ ಚೀಟಿ ಸರಿಯಾಗಿಯೇ ಇರುತ್ತಿತ್ತು. ಆದರೆ ಅದರ ಮೂತಿ ಶೆಡ್ಡಿನ ಗೋಡೆಯ ಕಡೆಗಿತ್ತು, ನನ್ನ ಕಡೆಗಿದ್ದದ್ದು ಬೆನ್ನು. ನಲವತ್ತು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಯಾವ ಮಗುವೂ ನನಗೆ ಬೆನ್ನು ಹಾಕಿ ನಿಂತದ್ದಿಲ್ಲ.

ಹೇಳಿದೆ. ಹಾಜಿಯವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನಿಮ್ಮದೆಂತ ತಪ್ಪು? ನನ್ನ ಕಣ್ಣು ಎಲ್ಲಿತ್ತು? ಟೀಚರು ಬರೆದದ್ದಲ್ವಾ ಅಂತ ನೋಡ್ಲೇ ಇಲ್ಲ ನಾನು. ಶಾಲೆಯಲ್ಲಿಯೂ ಹಾಗೇ ಮಾಡಿ ಫೇಲಾದದ್ದು!"

ಆಗಲೇ ಹೆಂಡತಿ ಚಾಯದ ತಟ್ಟೆ ಹಿಡಿದು ಬಂದರು. "ಎಂತ ನಗು?"

"ನಾನು ಎಡ ಬಲ ತಪ್ಪಿಸಿ ಹಾಕಿದ್ದೆ ಮಾರಾಯ್ತಿ. ಈಗ ಗೊತ್ತಾಯ್ತು" ಎಂದರು ಹಾಜಿಯವರು. ನನ್ನ ಹೆಸರೆತ್ತಲಿಲ್ಲ.

ಕಾನ್ವೆಂಟಿನಲ್ಲಿ ಕಲಿತವರಿಗೆ ಒಂದು ರೋಗ ಉಂಟು: ಕನ್‌ಫೆಸ್ ಮಾಡದೆ ರಾತ್ರಿ ಊಟ ಇಳಿಯುವುದಿಲ್ಲ. ಸಂಜೆಯೇ ಅವರ ಹೆಂಡತಿಯ ಅಡಿಗೆಮನೆಗೆ ಹೋಗಿ, ಅದು ನನ್ನ ತಪ್ಪು ಎಂದೆ. ಅವರು ಅಕ್ಕಿರೊಟ್ಟಿಯಂಥ ಪತ್ತಿರಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನನಗೆ ಆಗಲೇ ಗೊತ್ತಾಯ್ತು ಟೀಚರೇ. ಶುಗರ್ ಇರುವ ಮನುಷ್ಯ, ಸುಳ್ಳು ಹೇಳುವಾಗ ಮಾತ್ರ ಚಾಯಕ್ಕೆ ಸಕ್ಕರೆ ಕೇಳ್ತಾರೆ. ಇವತ್ತು ಎರಡು ಚಮಚ ಕೇಳಿದ್ರು." ಒಂದು ಪತ್ತಿರಿಯನ್ನು ಕಾವಲಿಗೆ ಹಾಕಿ, ನನ್ನನ್ನು ನೋಡದೆ ಕೇಳಿದರು: "ಈಗ ನಿಲ್ತದಾ ಅದು?"

"ನಾಳೆ ಗೊತ್ತಾಗ್ತದೆ."

ಮರುದಿನ, ಶನಿವಾರ, ಎರಡನ್ನೂ ಬದಲಿಸಿ ಹಾಕಿದರು. ಈಗ ತಿರುಪು ಮೇಲಿತ್ತು. ಒತ್ತಿದೆ. ಹಿಡಿದೆ. ಬಾಟಲಿಯೊಳಗೆ ಅಷ್ಟು ದೊಡ್ಡ ಗುಳ್ಳೆಗಳು ಬಂದದ್ದನ್ನು ನಾನು ಕಂಡಿರಲಿಲ್ಲ. ಆರನೆಯ ಸಲಕ್ಕೋ ಏಳನೆಯದಕ್ಕೋ ಪೆಡಲ್ ಅರ್ಧದಲ್ಲಿ ನಿಂತಿತು. ಇನ್ನೂ ಒತ್ತಿದೆ. ಅಲ್ಲಾಡಲಿಲ್ಲ.

"ಕಲ್ಲು!" ಎಂದು ಕೂಗಿದೆ. "ಹಾಜಿಯವರೇ, ಕಲ್ಲು!"

ಆ ವಾರವೆಲ್ಲ ಅವರು ಖಾಲಿ ಜಾಗದಲ್ಲಿ ಒಬ್ಬರೇ ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ, ಬ್ರೇಕನ್ನು ಪಳಗಿಸಿದರು. ಮರಳಿನಲ್ಲಿ ಗೆರೆ ಎಳೆದು, ಮೂತಿ ಗೆರೆ ದಾಟದ ಹಾಗೆ. ಹೆಂಡತಿ ಮನೆಯ ಮಾಡಿನ ಮೇಲೆ ಬಟ್ಟೆ ಒಣಗಿಸುವ ನೆಪದಲ್ಲಿ ನೋಡುತ್ತಿದ್ದರು. ಒಣಗಿದ ಬಟ್ಟೆಯನ್ನೇ ಎರಡೆರಡು ಸಲ ಹಾಕುತ್ತಿದ್ದರು.

ಗುರುವಾರ ಸಂಜೆಯ ಅಸರ್ ನಮಾಜಾದ ಮೇಲೆ, ಗಾಡಿ ಹೊತ್ತೊಯ್ಯುವ ರಿಕವರಿ ಲಾರಿ ಬಂತು. ಗಾಡಿ ಮುಂದೆ, ಅವರಿಬ್ಬರನ್ನೂ ಕೂರಿಸಿಕೊಂಡು ನಾವು ನನ್ನ ಮಗಳ ಕಾರಿನಲ್ಲಿ ಹಿಂದೆ. ಟ್ರ್ಯಾಕಿನಲ್ಲಿ ಹಾಜಿಯವರು ಮೊದಲು ಒಬ್ಬರೇ ಹೋದರು. ಒಂದು ರೌಂಡ್ ಮುಗಿಸಿ ಬಂದು, ನಾವು ನಿಂತಿದ್ದ ಕಡೆಗೆ ವೇಗವಾಗಿ ಬಂದು, ಹೆಂಡತಿಯ ಚಪ್ಪಲಿಯಿಂದ ಹತ್ತು ಮಾರು ದೂರದಲ್ಲಿ ಗಾಡಿ ನಿಂತಿತು. ಕಿರುಚಲಿಲ್ಲ, ಜಾರಲಿಲ್ಲ. ಮೂತಿ ಒಂದಿಷ್ಟು ಬಗ್ಗಿ, ನಮಸ್ಕಾರ ಮಾಡಿದ ಹಾಗೆ, ಪುನಃ ನೆಟ್ಟಗಾಯಿತು. ಈ ಸಲ ಅವರ ಹೆಂಡತಿ ಹಾರಲಿಲ್ಲ. ಕಾಲು ಕದಲಿಸದೆ ನಿಂತಿದ್ದರು.

ಗಂಡ ಕೆಳಗಿಳಿದು ಹೆಲ್ಮೆಟ್ ಚಾಚಿದರು. ಹೆಂಡತಿ ಅದನ್ನು ತೆಗೆದುಕೊಂಡು ಒಳಗೆ ಮೂಸಿ ನೋಡಿ, "ಯಾರ ತಲೆಯದ್ದು ಇದು?" ಎಂದು ಗೊಣಗಿ, ಶಾಲನ್ನು ಬಿಗಿಯಾಗಿ ಕಟ್ಟಿ ಮೇಲೆ ಹಾಕಿಕೊಂಡರು. ಬಾಗಿಲಿಲ್ಲದ ಗಾಡಿಗೆ ಹತ್ತಲು ಅವರ ಮೊಣಕಾಲಿಗೆ ಕಷ್ಟವಾಯಿತು. ನಾನೂ ಮಗಳೂ ಎರಡು ಕಡೆ ಹಿಡಿದು ಕೂರಿಸಿದೆವು. ಕೂತ ಮೇಲೆ ನಿಲುವಂಗಿಯಂಥ ಅಬಾಯವನ್ನು ಮಂಡಿಯ ಕೆಳಗೆ ಸಿಕ್ಕಿಸಿ, "ಯಲ್ಲಾ" ಎಂದರು, ಟ್ಯಾಕ್ಸಿಯವನಿಗೆ ಹೊರಡು ಎಂದು ಹೇಳುವ ಹಾಗೆ.

ಒಂದು ರೌಂಡ್ ಆಯಿತು. ಹಾಜಿಯವರು ಗಾಡಿ ನಿಲ್ಲಿಸಿ, ಇಳಿಸಲು ಕೈ ಕೊಡಲೆಂದು ಸುತ್ತಿ ಬಂದರು. ಹೆಂಡತಿ ಇಳಿಯಲಿಲ್ಲ. ಹೆಲ್ಮೆಟಿನ ಗಾಜು ಮೇಲೆತ್ತಿ ಕೇಳಿದರು: "ಇನ್ನೊಂದು ರೌಂಡ್ ಹೋಗ್ಲಿಕ್ಕೆ ಆಗ್ತದಾ?"

ಮಗಳಿಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು, ಅವರಿಬ್ಬರನ್ನು ಕತಾರಿ ಯಜಮಾನರಿಗೆ ಒಪ್ಪಿಸಿ ನಾವು ಹೊರಡಲೇಬೇಕಿತ್ತು. ಗಂಡ ಹೆಂಡತಿಯ ವಿಮಾನ ಮರುದಿನ ಬೆಳಿಗ್ಗೆ. ಅವರು ಕಾಂಪೌಂಡು ಬಿಡುವ ಹೊತ್ತಿಗೆ ನಾನು ಮಾಸಿನಲ್ಲಿದ್ದೆ, ಬಂದು ನೋಡುವಾಗ ಶೆಡ್ಡು ಗುಡಿಸಿ ತೊಳೆದಿತ್ತು. ಆದ್ದರಿಂದ ನಾನು ಅವರಿಬ್ಬರನ್ನು ಕೊನೆಯದಾಗಿ ಕಂಡದ್ದು ಟ್ರ್ಯಾಕಿನ ಬೇಲಿಯ ಈಚೆಯಿಂದ, ಬೆನ್ನ ಕಡೆಯಿಂದ: ಬಿಸಿಲು ಇಳಿದ ದಾರಿಯಲ್ಲಿ ಎರಡು ಹೆಲ್ಮೆಟುಗಳು ದೂರ ದೂರ ಹೋಗುತ್ತಿದ್ದವು. ಹೆಂಡತಿಯದು ಸ್ವಲ್ಪ ಗಂಡನ ಕಡೆ ವಾಲಿತ್ತು, ಬಹುಶಃ ಏನೋ ಬೈಯುತ್ತಿದ್ದಿರಬೇಕು. ತಿರುವು ಹತ್ತಿರ ಬಂದಾಗ ಹಿಂದಿನ ಕೆಂಪು ದೀಪಗಳೆರಡೂ ಹೊತ್ತಿದವು, ಗಾಡಿ ನಿಧಾನವಾಯಿತು, ತಿರುಗಿ ಹೋಯಿತು.