‘ಮೂಡು’ ಎಂಬ ಒಂದು ಮಾತು

ಕಾರ್ತಿಕದ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಬಂಗಾರಪೇಟೆಯ ಹೊರಗಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಪಂಪ್ ಕೋಣೆ. ಇದ್ದವರು ನಾಲ್ವರು: ಬೆಂಕಿ ಆರಿಸುವ ನೀರಿನ ವ್ಯವಸ್ಥೆಯ ಉಸ್ತುವಾರಿಯವನಾದ ನಾನು, ಚಿನ್ನದ ಗಣಿಯ ಊರಿಗಾಂ ಲೈನಿನ ಪಂಪ್ ಆಪರೇಟರು, ಕಾಮಸಮುದ್ರದ ಕಡೆಯ ಫಿಟ್ಟರು ಮತ್ತು ಕಾರ್ಖಾನೆಯ ಮ್ಯಾನೇಜರು. ಸೇರಿದ್ದು ಒಂದೇ ಪ್ರಶ್ನೆಗೆ: ಮೂರನೆಯ ವಾಲ್ವ್ ಮುಚ್ಚಿಟ್ಟವರು ಯಾರು? ಮುಚ್ಚಿಟ್ಟವನ ಕೆಲಸ ಅಂದೇ ಹೋಗಲಿತ್ತು.

ಕಾರ್ಖಾನೆಯ ಸೂರಿನಡಿ ಕೆಂಪು ಪೈಪುಗಳಿವೆ. ಅವುಗಳಿಂದ ಸ್ಪ್ರಿಂಕ್ಲರುಗಳು ತೂಗುತ್ತವೆ. ಪ್ರತಿಯೊಂದರ ಬಾಯಿಗೂ ಬೆರಳುದ್ದವೂ ಇಲ್ಲದ ಗಾಜಿನ ಕೊಳವೆಯೊಂದು ಅಡ್ಡ ನಿಂತಿರುತ್ತದೆ. ಬೆಂಕಿಯ ಕಾವು ತಗುಲಿದರೆ ಗಾಜು ಒಡೆದು ನೀರು ಸುರಿಯುತ್ತದೆ. ಯಾರ ಅಪ್ಪಣೆಗೂ ಕಾಯುವುದಿಲ್ಲ. ಆದರೆ ಪೈಪಿನಲ್ಲಿ ನೀರಿರಬೇಕು.

ಗುರುವಾರ ಇಸ್ತ್ರಿ ವಿಭಾಗದಲ್ಲಿ ಬಟ್ಟೆಯ ರಾಶಿಗೆ ಕಿಡಿ ಹತ್ತಿತು. ಗಾಜು ಒಡೆಯಿತು, ನೀರು ಬರಲಿಲ್ಲ. ಹೆಂಗಸರು ಬಕೆಟ್ಟಿನಲ್ಲಿ ನೀರು ಹೊತ್ತು ಆರಿಸಿದರು. ಅವರಲ್ಲೊಬ್ಬಳು ಎರಡೂ ಕೈ ಸುಟ್ಟುಕೊಂಡು ಕೋಲಾರದ ಆಸ್ಪತ್ರೆಯಲ್ಲಿದ್ದಳು. ಆಪರೇಟರ ಪಕ್ಕದ ಮನೆಯವಳು.

ಬೆಂಕಿಯ ಹಿಂದಿನ ದಿನ, ಬುಧವಾರ, ನಾನು ಮಾಲೂರಿನ ಇನ್ನೊಂದು ಕಾರ್ಖಾನೆಗೆ ಹೋಗಿದ್ದೆ. ಇಲ್ಲಿ ಸೋರುತ್ತಿದ್ದ ಒಂದು ಸ್ಪ್ರಿಂಕ್ಲರ್ ಬದಲಿಸುವುದಿತ್ತು. ಆಪರೇಟರು ಮೂರನೆಯ ವಾಲ್ವ್ ಮುಚ್ಚಿ, ಪೈಪು ಬರಿದು ಮಾಡಿ, ಪಂಪ್ ಕೋಣೆಯಲ್ಲಿ ನಿಂತ. ಕೆಲಸ ಮುಗಿದ ಮೇಲೆ ಫಿಟ್ಟರು ಏಣಿಯ ಮೇಲಿಂದಲೇ ಕಿಟಕಿಯಾಚೆಗೆ ಕೂಗಿದ.

“ಏನಂತ ಕೂಗಿದೆ?” ಎಂದು ಫಿಟ್ಟರನ್ನು ಕೇಳಿದೆ.

“ಮೂಡು ಅಂದೆ ಸಾರ್. ಮೂರ್ನೇದು ಬಿಡು ಅಂತ. ನಮ್ಮನೇಲಿ ಒಕಟಿ, ರೆಂಡು, ಮೂಡು ಅಂತ್ಲೇ ಎಣ್ಸೋದು.”

ಆಪರೇಟರು ಹಣೆ ಚಚ್ಚಿಕೊಂಡ. “ಅಡಪ್ಪಾವಿ! ಮೂಡು ಅಂದ್ರೆ ಮುಚ್ಚು ಅಲ್ವೇನ್ಲಾ? ಮುಚ್ಚೇ ಇತ್ತು, ಇನ್ನೊಂದ್ಕಿತ ಬಿಗಿ ಮಾಡ್ದೆ!”

“ಅದು ನಿಮ್ಮ ತಮಿಳಲ್ಲಿ ಮಾಮಾ.”

“ನಮ್ಮೂರಲ್ಲಿ ನಾಯೀನೂ ಮೂರ್ ಭಾಷೆ ಬೊಗಳ್ತದೆ. ನಿಂಗ್ ಆವತ್ತೇ ತೆಲುಗು ಬರ್ಬೇಕಿತ್ತಾ?”

ಮ್ಯಾನೇಜರು ನಕ್ಕರು. ನಾವು ಮೂವರೂ ನಗಲಿಲ್ಲ.

ಹಿಂದೆ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ಪಂಪುಗಳ ಬಳಿ ನಾನು ಕಲಿತದ್ದು ಒಂದು ನಿಯಮ: ಅಪ್ಪಣೆ ಕೇಳಿಸಿಕೊಂಡವನು ಅದೇ ಮಾತನ್ನು ತಿರುಗಿ ಹೇಳಬೇಕು. ಇಬ್ಬರಿಗೂ ಅದನ್ನು ಗದರಿ ಕಲಿಸಿದ್ದೆ.

“ತಿರುಗಿ ಹೇಳಿದೆಯಾ?” ಎಂದು ಆಪರೇಟರನ್ನು ಕೇಳಿದೆ.

“ಏಳ್ದೆ ಸಾರ್. ಮೂಡು ಅಂದೆ.”

“ಅಂದ ಸಾರ್, ನಂಗೂ ಕೇಳುಸ್ತು,” ಎಂದ ಫಿಟ್ಟರು.

ನಿಯಮ ಪಾಲನೆಯಾಗಿತ್ತು. ಗಣಿ ಮುಚ್ಚುವವರೆಗೂ ನನ್ನನ್ನು ಕಾಯ್ದ ನಿಯಮ.

ಉಳಿದದ್ದು ಕೊನೆಯ ನಲ್ಲಿಯ ಪರೀಕ್ಷೆ. ಬುಧವಾರವೇ ಪೈಪಿನ ತುದಿಯ ನಲ್ಲಿ ತಿರುಗಿಸಿ ನೀರು ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು. ಆದರೆ ಕಾರ್ಖಾನೆಯವರು ನಲ್ಲಿಯ ಮುಂದೆ ಆಳೆತ್ತರಕ್ಕೆ ಬಟ್ಟೆಯ ಬಂಡಲು ಒಟ್ಟಿದ್ದರು. ಅದನ್ನು ಮ್ಯಾನೇಜರಿಗೆ ಹೇಳಿದೆ.

“ಅದು ಬೇರೆ ವಿಷಯ. ವಾಲ್ವ್ ಯಾರ ಕೈಯಲ್ಲಿತ್ತು ಹೇಳಿ. ಮೇಲಿನವರಿಗೆ ಒಂದು ಹೆಸರು ಕೊಡಬೇಕು ನಾನು,” ಎಂದು ಆಪರೇಟರ ಕಡೆ ನೋಡಿದರು. “ನಾಳೆಯಿಂದ ಬರೋದು ಬೇಡಪ್ಪ.”

“ಕೂಗಿದೋನು ನಾನು. ನನ್ನೂ ಕಳ್ಸಿ ಸಾರ್,” ಎಂದ ಫಿಟ್ಟರು.

“ಸುಮ್ಕಿರ್ಲಾ,” ಎಂದ ಆಪರೇಟರು. “ಕೆಲ್ಸ ಓದ್ರೆ ಓಗ್ಲಿ. ಆಸ್ಪತ್ರೇಲಿ ಆಯಮ್ಮಂಗೆ ಏನೇಳ್ಲಿ? ಮೂರ್ ಎಣ್ಸಕ್ ಬರ್ಲಿಲ್ಲ ಅಂತ ಏಳ್ಲಾ?”

ಮ್ಯಾನೇಜರು ಹೊರಟುಹೋದರು. ನಾನು ವಾದಿಸಿದ್ದು ಸಾಲದೆಂದು ಈಗಲೂ ಅನ್ನಿಸುತ್ತದೆ. ಆದರೆ ಮರುದಿನ ಬೆಳಗಾದರೆ ಹೆಂಗಸರು ಅದೇ ಪೈಪುಗಳ ಕೆಳಗೆ ನಿಲ್ಲುವವರಿದ್ದರು, ಕೆಲಸ ಬಾಕಿಯಿತ್ತು. ಬಂಡಲುಗಳನ್ನು ಎಳೆದುಹಾಕಿದೆವು. ಗಾಜು ಒಡೆದ ಜಾಗದಲ್ಲಿ ಫಿಟ್ಟರು ಹೊಸ ಸ್ಪ್ರಿಂಕ್ಲರ್ ಕೂರಿಸಿದ. ನಾನು ತುದಿಯ ನಲ್ಲಿ ತಿರುಗಿಸಿ ನಿಂತು, ಪಂಪ್ ಕೋಣೆಯಲ್ಲಿದ್ದ ಆಪರೇಟರಿಗೆ ಫೋನು ಮಾಡಿದೆ.

“ಮೂರನೆಯ ವಾಲ್ವ್ ತೆಗೆ.”

“ಮೂರ್ನೇ ವಾಲ್ವ್ ತೆಗೀತೀನಿ ಸಾರ್.”

ಮೊದಲು ಗಾಳಿ ಬುಸುಗುಟ್ಟಿತು. ಆಮೇಲೆ ತುಕ್ಕು ನಾರುವ ಕಪ್ಪು ನೀರು, ಅದರ ಹಿಂದೆ ತಿಳಿನೀರು. ನೀರು ಹರಿದೊಡನೆ ತಾನೇ ಮೊಳಗುವ, ಗುರುವಾರವೇ ಮೊಳಗಬೇಕಿದ್ದ ಎಚ್ಚರಿಕೆಯ ಗಂಟೆ ಗೋಡೆಯ ಮೇಲೆ ಮೊಳಗತೊಡಗಿತು. ಸಾಕಷ್ಟು ಹೊತ್ತು ಮೊಳಗಲು ಬಿಟ್ಟು ನಲ್ಲಿ ನಿಲ್ಲಿಸಿದೆ.

ಪಂಪ್ ಕೋಣೆಗೆ ಬಂದಾಗ ಆಪರೇಟರು ವಾಲ್ವಿನ ಬೀಗದ ಕೈಯನ್ನು ಅಂಗಿಯಲ್ಲಿ ಒರೆಸಿ ನನಗೆ ಕೊಟ್ಟ. ವಾಲ್ವಿನ ಚಕ್ರ ಪೂರ್ತಿ ತೆರೆದಿದೆಯೆಂದು ಕೈಯಾರೆ ನೋಡಿ, ಯಾರೂ ಮುಚ್ಚದಂತೆ ಸರಪಳಿ ಸುತ್ತಿ ಬೀಗ ಹಾಕಿದೆ.